ಪುಣೆಯಲ್ಲಿ ಮದುವೆ: ಅವರದ್ದು ಸನಈ-ಚೌಘಡಾ, ನಮ್ಮದು ವಾಲಗ, ಅಮ್ಮಮ್ಮನ ಶೋಭಾನೆಗೆ ಜಾಗ ಎಲ್ಲಿ?

ಡೊಂಬಿವ್ಲಿ ಕೂಸು

ನಮಸ್ಕಾರ ಎಲ್ರಿಗೂ. ಇಲ್ಲಿ ನಾನು ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು, ಉದ್ದ ಆದ್ರೆ ಬೈಬೇಡಿ.

ಡಿಸೆಂಬರ್‌ನಲ್ಲಿ ನನ್ನ ಮದುವೆ, ಪುಣೆಯಲ್ಲಿ. ಹುಡುಗ ಪುಣೆಯವನೇ, ಮರಾಠಿ, ಒಂದೇ ಆಫೀಸಲ್ಲಿ ಇದ್ವಿ, ಎರಡೂ ಮನೆಯವರು ಒಪ್ಪಿ ಆಗಿದೆ, ಅದರಲ್ಲಿ ರಗಳೆ ಏನೂ ಇಲ್ಲ. ಹಾಲ್ ಆಯ್ತು, ಸೀರೆ ಆಯ್ತು, ಊಟದ ಮೆನು ಒಂದೇ ಫೋನಲ್ಲಿ ಮುಗೀತು (ಪುರಣಪೋಳಿನೂ ಉಂಟು, ನಮ್ಮ ಹಾಲುಬಾಯಿನೂ ಉಂಟು). ಸಿಕ್ಕಿಬಿದ್ದದ್ದು ವಾದ್ಯದಲ್ಲಿ, ಯಾರು ನಂಬ್ತಾರೆ!

ಅವರ ಕಡೆ ಸನಈ-ಚೌಘಡಾ (ಶಹನಾಯಿ, ಜೊತೆಗೆ ನಗಾರಿ) ಇರ್ಲೇಬೇಕಂತೆ, ಹುಡುಗನ ಅಜ್ಜನ ಕಾಲದಿಂದ ಒಂದೇ ಮನೆಯವರು ಬಂದು ನುಡಿಸ್ತಿದ್ದಾರೆ. ಮಂಗಲಾಷ್ಟಕ ಅವನ ಆತ್ಯಾ (ಅಪ್ಪನ ಅಕ್ಕತಂಗಿ) ಹೇಳ್ತಾರೆ, ಎರಡೂ ಮನೆಯವರ ಹೆಸರು ಸೇರಿಸಿ ಹೊಸತಾಗಿ ಬರೆದೂ ಆಗಿದೆ. ನನ್ನ ಅಪ್ಪ ಹದಿನಾರು ವರ್ಷಕ್ಕೆ ಕುಂದಾಪುರ ಬಿಟ್ಟು ಬಂದು ಹೋಟೆಲಲ್ಲಿ ಟೇಬಲ್ ಒರೆಸಿ ಮೇಲೆ ಬಂದವರು, ಅವರು ಈ ಮದುವೆಯಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಧಾರೆ ಎರೆಯುವಾಗ ವಾಲಗ ಕೇಳ್ಬೇಕು ಅಂತ. ನಾಗಸ್ವರ, ಡೋಲು. ಅದರ ಮೇಲೆ ಸ್ಯಾಕ್ಸೋಫೋನೂ ಇದ್ರೆ ಚಂದ ಅಂತ ಚಿಕ್ಕಪ್ಪ, ಊರಲ್ಲಿ ಈಗ ಎಲ್ಲರ ಮದುವೆಗೂ ಅದು ಉಂಟಲ್ಲ. ತಮ್ಮನಿಗೆ ಡಿಜೆ. ಇಷ್ಟೂ ಒಂದೇ ಹಾಲ್‌ನಲ್ಲಿ, ಒಂದೇ ದಿನ.

ಇದೆಲ್ಲ ಹೇಗೋ ಮಾತಾಡಿ ಸರಿ ಮಾಡ್ಬಹುದು. ನನ್ನ ನಿಜವಾದ ತಲೆಬಿಸಿ ಅಮ್ಮಮ್ಮನದ್ದು. ಅಮ್ಮಮ್ಮನಿಗೆ 82, ಅಜ್ಜ ಹೋದ ಮೇಲೆ ನಮ್ಮ ಜೊತೆನೇ ಇದ್ದಾರೆ. ಊರಲ್ಲಿ ಅವರು ಶೋಭಾನೆ ಹಾಡುವವರು, ಅಂದ್ರೆ ದುಡ್ಡಿಗಲ್ಲ, ಆಚೀಚೆ ಮನೆಯ ಮದುವೆ ಅಂದ್ರೆ ಅವರನ್ನು ಕರೆಯದೆ ಮದರಂಗಿ ಆಗ್ತಿರ್ಲಿಲ್ಲ. ಎಣ್ಣೆ ಅರಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಆರತಿಗೆ ಒಂದು, ಬೀಗರನ್ನು ಚೇಷ್ಟೆ ಮಾಡ್ಲಿಕ್ಕೆ ಒಂದು, ಹೆಣ್ಣು ಒಪ್ಪಿಸಿ ಕೊಡುವಾಗ ಒಂದು. ಆ ಕೊನೆಯದು ಅಮ್ಮನ ಮದುವೆಯಲ್ಲಿ ಹಾಡುವಾಗ ಅರ್ಧಕ್ಕೆ ನಿಂತುಹೋಯಿತಂತೆ, ಅಳು ಬಂದು. ಉಳಿದದ್ದನ್ನು ಪಕ್ಕದ ಮನೆಯವರು ಮುಗಿಸಿದ್ರಂತೆ.

ನಾನು ಮೊನ್ನೆ ರೆಕಾರ್ಡ್ ಮಾಡುವ ಅಂತ ಅವರನ್ನು ಸೋಫಾದಲ್ಲಿ ಕೂರಿಸಿ ಫೋನ್ ಎದುರಿಗೆ ಹಿಡಿದೆ. ಎರಡು ಸಾಲು ಹೇಳಿದ್ರು, ಮುಂದೆ ಬರ್ಲಿಲ್ಲ, ಮತ್ತೆ ಶುರು ಮಾಡಿದ್ರು, ಮತ್ತೆ ಅಲ್ಲೇ ನಿಂತ್ರು. "ಸುಮ್ನಿರ್ ಮಾರಾಯ್ತಿ, ಮದಿ ಮನಿ ಹಾಡ್ ಹೀಂಗೆಲ್ಲ ಬತ್ತಿಲ್ಲೆ" ಅಂತ ಎದ್ದು ಹೋದ್ರು. ಮರೆತು ಹೋಗಿದೆಯಾ, ನಾಚಿಕೆಯಾ ಗೊತ್ತಾಗ್ಲಿಲ್ಲ. ಹುಡುಗನ ತಂಗಿ ಒಂದು ಐಡಿಯಾ ಕೊಟ್ಟಳು, ಸಂಗೀತ್ ದಿನ ಸ್ಟೇಜ್ ಮೇಲೆ ಐದು ನಿಮಿಷ ಅಜ್ಜಿಗೆ ಕೊಡುವ, ಮೈಕ್ ಹಿಡಿದು ಹಾಡ್ಲಿ, ಕ್ಯೂಟ್ ಆಗಿರ್ತದೆ ಅಂತ. ಒಳ್ಳೆ ಮನಸ್ಸಿಂದಲೇ ಹೇಳಿದ್ದು, ಆದ್ರೆ ನನಗೆ ಯಾಕೋ ಒಂಥರಾ ಆಯ್ತು.

ಹೀಗೆ ಎರಡು ಕಡೆಯ ಮದುವೆ ಮಾಡಿದವರು, ಮಾಡಿಸಿದವರು ಯಾರಾದ್ರೂ ಹೇಳಿ, ಯಾವುದನ್ನು ಎಲ್ಲಿ ಇಡೋದು? ವಾಲಗದವರನ್ನು ಊರಿಂದ ಕರೆಸ್ಬೇಕಾ ಇಲ್ಲೇ ಸಿಗ್ತಾರಾ? ಅಮ್ಮಮ್ಮನನ್ನು ಹಾಡಿಸೋದು ಹೇಗೆ?

ಥಾಣೆ ಎಕ್ಸ್‌ಪ್ರೆಸ್

ಫಾಲೋ ಮಾಡ್ತಿದೀನಿ, ನಮ್ಮ ಮನೇಲೂ ಫೆಬ್ರವರಿಗೆ ಇದೇ ಕಥೆ, ಹುಡುಗಿ ಗುಜರಾತಿ. ಡಿಜೆ ವಿಷಯ ಮಾತ್ರ ತಮ್ಮನಿಗೆ ಮೊದಲೇ ಹೇಳ್ಬಿಡಿ, ರಾತ್ರಿ 10ಕ್ಕೆ ಸ್ಪೀಕರ್ ಬಂದ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು, ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕೋ ಹಾಗಿಲ್ಲ. ನನ್ನ ಕಸಿನ್ ಮದುವೇಲಿ ಪೊಲೀಸರು ಬಂದಾಗ ಮದುಮಗ ಕುದುರೆ ಮೇಲೇ ಇದ್ದ.

ಕೋಥ್ರೂಡ್ ಧಾರವಾಡದಾಂವ

ತಂಗಿ, ನಾ ಪುಣೇದಾಗ 22 ವರ್ಷ ಆತು, ನನ್ನ ಹೆಂಡ್ತಿ ಮರಾಠಿ, ಹಿಂಗಾಗಿ ಈ ಪರೀಕ್ಷಾ ಬರದು ಪಾಸ್ ಆದಾಂವ ನಾನು. ಹೇಳ್ತೀನಿ ಕೇಳ್ರಿ.

ಮೊದಲ ಒಂದು ಮಾತು, "ಅವರದು ಸನಈ, ನಮ್ಮದು ವಾಲಗ" ಅನ್ನೂದು ನಿಮ್ಮ ಕರಾವಳಿ ಲೆಕ್ಕ. ನಮ್ಮ ಧಾರವಾಡ ವಿಜಾಪುರ ಕಡೆ ಮದಿವಿಗೆ ಊದೂದ ಸನಾದಿ, ಅಂದ್ರ ಶಹನಾಯಿನ. ಸನಾದಿ ಅಪ್ಪಣ್ಣ ಸಿನಿಮಾ ನೋಡೀರಿಲ್ಲೊ, 1977ರದು, ರಾಜಕುಮಾರ ಅವರು ಹಿಡಿದ ಶಹನಾಯಿಗೆ ಹಿಂದ ನಿಜವಾಗಿ ಊದಿದವರು ಬಿಸ್ಮಿಲ್ಲಾ ಖಾನ್. ಸೋಲಾಪುರದಾಗ ಸುಂದರಿ ಅಂತ ಇನ್ನೂ ಸಣ್ಣ ಶಹನಾಯಿ ಅದ, ಅಲ್ಲೆ ಊದವರ ಮನೀ ಮುಂದ ನಿಂತ್ರ ಅರ್ಧ ಮಂದಿ ಕನ್ನಡಾನ ಮಾತಾಡ್ತಾರ. ಹಿಂಗಾಗಿ ಮಾಮಾಗ (ನಿಮ್ಮ ಅಪ್ಪಾಜಿಗ) ಹೇಳ್ರಿ, ಸನಈ ಏನು ಪರದೇಶಿ ಅಲ್ಲ, ಅರ್ಧ ಕರ್ನಾಟಕದ ಮದಿವಿ ಅದರ ಮ್ಯಾಲೇ ಆಗ್ಯಾವ.

ಎರಡನೇದು, ಎರಡೂ ಮೇಳಾನ ಎದುರಾಬದುರಾ ಕೂಡಿಸಬ್ಯಾಡ್ರಿ. ನನ್ನ ಮದಿವ್ಯಾಗ ಅದ ಆತು. ಶ್ರುತಿ ಒಂದಕ್ಕೊಂದು ಕೂಡೂದಿಲ್ಲ, ಇವರು ನಿಲ್ಲಸಲಿ ಅಂತ ಅವರು, ಅವರು ನಿಲ್ಲಸಲಿ ಅಂತ ಇವರು, ಕಡೀಕ ಇಬ್ಬರೂ ಜೋರ್ ಮಾಡಿ ಗುರುಜಿ ಕಿವಿ ಮುಚಗೊಂಡು ಮಂತ್ರ ಹೇಳಿದರು. ಸನಈ-ಚೌಘಡಾ ಬಾಗಲದಾಗ ಕೂಡೂ ವಾದ್ಯ. ಪೇಶ್ವೆಯವರ ಶನಿವಾರವಾಡಾ ನೋಡ್ರಿ, ದಿಲ್ಲಿ ದರವಾಜಾದ ಮ್ಯಾಲ ನಗಾರಖಾನಾ ಅದ, ಮ್ಯಾಲ ಕೂತು ಬಾರಿಸವರು, ಕೆಳಗ ಬರವರು ಬರತಿದ್ದರು. ಹಂಗ ಅವರನ್ನ ಹಾಲಿನ ದ್ವಾರದಾಗ ಕೂಡಸ್ರಿ, ಬೀಗರು ಬರೂದು, ಸೀಮಂತಪೂಜಾ (ವರನ್ನ ಎದುರುಗೊಳ್ಳೂ ಪೂಜಾ), ಊಟದ ಹೊತ್ತು, ಎಲ್ಲಾ ಅವರದು. ನಿಮ್ಮ ವಾಲಗ ಮಂಟಪದ ಪಕ್ಕ, ಧಾರಿ ಹೊತ್ತಿಗೆ ಮಾತ್ರ. ಜಾಗಾ ಬ್ಯಾರೆ ಆದ್ರ ಜಗಳ ಇಲ್ಲ.

ಮೂರನೇದು, ಇದು ಭಾಳ ಮಜಾ. ಅವರ ಆತ್ಯಾ ಬರದಾರಲ್ಲ ಮಂಗಲಾಷ್ಟಕ, ಅದು ಶಾರ್ದೂಲವಿಕ್ರೀಡಿತ. ಸಾಲಿಗೆ 19 ಅಕ್ಷರ, ಮ-ಸ-ಜ-ಸ-ತ-ತ-ಗ. ಶಾಲ್ಯಾಗ ಹಳಗನ್ನಡ ಮಾಸ್ತರು ಬೆತ್ತಾ ಹಿಡದು ಕಲಸ್ತಿದ್ದರು, ಖ್ಯಾತ ಕರ್ನಾಟಕ ವೃತ್ತ ಆರು ಅಂತ, ಅದರಾಗ ಇದೂ ಒಂದು, ಪಂಪ ರನ್ನ ಎಲ್ಲಾ ಇದರಾಗ ಬರದಾರ. ಅಂದ್ರ ಅಂತರಪಾಟ ಹಿಡಕೊಂಡು ಅವರು ಮರಾಠಿ ಹೇಳೂ ಹೊತ್ತಿನ್ಯಾಗ ನೀವು ಅದ ಧಾಟಿಯೊಳಗ ಕನ್ನಡದ್ದು ಒಂದು ಹೇಳಬಹುದು, ಯಾರಿಗೂ ಅಡ್ಡ ಬರೂದಿಲ್ಲ, ಟೈಮ್ ಬ್ಯಾರೆ ಕೇಳಬೇಕಾಗಿಲ್ಲ. ನಾಕ್ನೇ ಸಾಲಿನ ಕಡೀಗೆ "ಕುರ್ಯಾತ್ ಸದಾ ಮಂಗಲಂ" ಹಂಗ ಇರಲಿ, ಅದು ಬಂದ್ರನ ಮಂದಿಗೆ ಅಕ್ಷತಾ ಒಗೀಬೇಕು ಅಂತ ಗೊತ್ತಾಗೂದು.

ಅಜ್ಜಿ ವಿಷಯ ನಂಗ ತಿಳಿಯೂದಿಲ್ಲ, ಹೆಣಮಕ್ಕಳು ಹೇಳಲಿ.

ಮಾಟುಂಗ ಮಾವ

ಮಗು, ವಾಲಗದವರನ್ನ ಊರಿಂದ ಕರೆಸೋ ಅಗತ್ಯ ಇಲ್ಲ ಕಣಮ್ಮ. ಮಾಟುಂಗದಲ್ಲಿ, ಚೆಂಬೂರಿನ ಛೆಡಾನಗರದಲ್ಲಿ, ನೆರೂಳಲ್ಲಿ ನಮ್ಮ ಕಡೆ ದೇವಸ್ಥಾನಗಳಿವೆಯಲ್ಲ, ಅಲ್ಲಿ ಹೋಗಿ ಕೇಳಿ, ಉತ್ಸವಕ್ಕೆ ಯಾರು ನುಡಿಸ್ತಾರೆ ಅಂತ. ನೆಟ್‌ನಲ್ಲಿ ಹುಡುಕಿದ್ರೆ ಫೋಟೋಗೆ ಪಂಚೆ ಉಟ್ಕೊಂಡು ನಿಂತ್ಕೊಳೋರು ಸಿಗ್ತಾರೆ, ಹುಷಾರು. ಪುಣೆಗೆ ಅಂದ್ರೆ ಹಿಂದಿನ ರಾತ್ರಿನೇ ಕರ್ಕೊಂಡ್ಹೋಗಿ ಮಲಗೋಕೆ ರೂಮ್ ಕೊಡಿ, ಬೆಳಗಿನ ಜಾವದ ರೈಲಿಗೆ ಬಂದು ನೇರ ಊದಿ ಅಂದ್ರೆ ಉಸಿರು ನಿಲ್ಲಲ್ಲ.

ಏನು ನುಡಿಸ್ಬೇಕು ಅಂತ ಅವರಿಗೆ ಬಿಡಿ, ಆದ್ರೂ ನಿಮಗೆ ಗೊತ್ತಿರ್ಲಿ. ಶುರುವಿಗೆ ನಾಟ. ಮಾಲೆ ಬದಲಾಯಿಸೋವಾಗ ಆನಂದಭೈರವಿ ಕೇಳಿದ್ರೆ ಸಂತೋಷವಾಗಿ ನುಡಿಸ್ತಾರೆ. ಉಯ್ಯಾಲೆ ಲಾಲಿ ಏನಾದ್ರೂ ಇದ್ರೆ ಕುರಂಜಿ. ಮುಖಾರಿ ಕೇಳ್ಬೇಡಿ, ಮಂಗಳಕಾರ್ಯದಲ್ಲಿ ನುಡಿಸಲ್ಲ ಅಂತ ನಮ್ಮ ಹಿರಿಯರು ಬಹಳ ಕಟ್ಟುನಿಟ್ಟು. ನನ್ನ ಭಾವಮೈದ ಒಬ್ಬ ಸಿನಿಮಾ ಹಾಡು ನುಡಿಸಿ ಅಂತ ಐನೂರು ರೂಪಾಯಿ ನೋಟು ತೋರಿಸಿ ಮಾನ ಕಳೆದ, ಅದನ್ನ ಮಾತ್ರ ಯಾರಿಗೂ ಬಿಡ್ಬೇಡಿ.

ಗಟ್ಟಿಮೇಳ ಗೊತ್ತಲ್ಲ? ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಅಂದ ತಕ್ಷಣ ರಾಗ ಎಲ್ಲ ಬಿಟ್ಟು ಡೋಲು ಒಂದೇ ಸಮ ಗುಡುಗ್ಬೇಕು, ಆ ಕ್ಷಣದಲ್ಲಿ ಯಾರೋ ಸೀನಿದ್ದು, ಮಗು ಅತ್ತಿದ್ದು, ಯಾರೋ ಆಡಿದ ಅಪಶಕುನದ ಮಾತು ವಧೂವರರ ಕಿವಿಗೆ ಬೀಳಬಾರದು ಅಂತ. ಮರಾಠಿಯವರಲ್ಲೂ ಅದೇ, ಕೊನೆಯ "ಸಾವಧಾನ" ಆದ ಮೇಲೆ "ವಾಜವಾ ರೇ ವಾಜವಾ" ಅಂತ ಕೂಗ್ತಾರಲ್ಲ, ಆಗ ಸನಈ ಚೌಘಡಾ ಒಟ್ಟಿಗೆ ಏರತ್ತೆ. ಎರಡೂ ಮೇಳ ಒಟ್ಟಿಗೆ ಬಾರಿಸೋಕೆ ಅಡ್ಡಿ ಇಲ್ಲದ ಒಂದೇ ಗಳಿಗೆ ಅದು, ಅಲ್ಲಿ ಶ್ರುತಿ ಯಾರೂ ಕೇಳಲ್ಲ, ಗದ್ದಲ ಆಗೋದೇ ಕೆಲಸ. ಹಾಗಾಗಿ ಧಾರವಾಡದ ಮಹನೀಯರು ಹೇಳಿದ್ದಕ್ಕೆ ಅಷ್ಟು ಮಾತ್ರ ತಿದ್ದುಪಡಿ.

ಸ್ಯಾಕ್ಸೋಫೋನ್ ಬಗ್ಗೆ, ನನಗೆ ವೈಯಕ್ತಿಕವಾಗಿ ಇಷ್ಟವಿಲ್ಲ. ಬೆಲ್ಜಿಯಂನ ವಾದ್ಯ ನಮ್ಮ ಸಂಪ್ರದಾಯ ಯಾವಾಗ ಆಯ್ತು?

ಡೋಲಿನವರ ಮಗ

ಮಾವ, ನೀವು ದೊಡ್ಡವರು, ಆದ್ರೂ ಸ್ಯಾಕ್ಸೋಫೋನ್ ಮಾತಿಗೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ. ಕದ್ರಿ ಗೋಪಾಲನಾಥರು ನಾಗಸ್ವರದವರ ಮನೆಯಲ್ಲೇ ಹುಟ್ಟಿದವರು, ಅವರ ತಂದೆ ನಾಗಸ್ವರ ವಿದ್ವಾಂಸರು, ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸಿಗೆ ಹಿಡಿದು ಅದಕ್ಕೆ ಗಮಕ ಕಲಿಸಿದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ್ರು. 2019ರಲ್ಲಿ ತೀರಿಕೊಂಡ್ರು, ಅಷ್ಟರೊಳಗೆ ನಮ್ಮ ದಕ್ಷಿಣ ಕನ್ನಡ ಉಡುಪಿಯಲ್ಲಿ ಎಷ್ಟು ನಾಗಸ್ವರದ ಮನೆಯ ಹುಡುಗರು ಸ್ಯಾಕ್ಸೋಫೋನ್ ಹಿಡಿದು ಹೊಟ್ಟೆ ಹೊರೆದ್ರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಪಿಟೀಲೂ ಹೊರಗಿನದ್ದೇ ಅಲ್ವಾ, ಅದಕ್ಕೆ ಈಗ ಯಾರೂ ಪಾಸ್‌ಪೋರ್ಟ್ ಕೇಳುದಿಲ್ಲ.

ಈಗ ಅಕ್ಕನಿಗೆ. ನಾನು ಕುರ್ಲಾದ ಚಾಳಲ್ಲಿ ಬೆಳೆದವ, ಅಪ್ಪ ಹಗಲು ಮಿಲ್ಲಿನ ಕ್ಯಾಂಟೀನು, ಮುಹೂರ್ತ ಇದ್ದ ದಿನ ಡೋಲು. ತವಿಲನ್ನೂ ನಾವು ಡೋಲು ಅಂತಲೇ ಹೇಳುದು. ಎಡಗೈಗೆ ಕೋಲು, ಬಲಗೈಯ ಬೆರಳುಗಳಿಗೆ ಗಟ್ಟಿ ಟೊಪ್ಪಿ. ಆ ಟೊಪ್ಪಿ ಅಂಗಡಿಯಲ್ಲಿ ಸಿಗ್ತಿರ್ಲಿಲ್ಲ, ಅಪ್ಪನೇ ಹಳೇ ಪಂಚೆಯ ಪಟ್ಟಿ ಹರಿದು ಅಕ್ಕಿಹಿಟ್ಟಿನ ಅಂಟು ಸವರಿ ಬೆರಳಿಗೆ ಸುತ್ತಿ ಸುತ್ತಿ ಕಟ್ಟಿ, ಮೆಲ್ಲ ಕಳಚಿ ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿಸ್ತಿದ್ರು. ಶಾಲೆಗೆ ಹೋಗುವಾಗ ನೋಡಿದ್ರೆ ಕಿಟಕಿಗೆ ಐದು ಬೆರಳು ಮೊಳೆತ ಹಾಗೆ ಕಾಣ್ತಿತ್ತು. ಒಮ್ಮೆ ನಾನು ಅದರಲ್ಲಿ ಒಂದನ್ನು ಪೆನ್ಸಿಲ್ ತುದಿಗೆ ಹಾಕಿಕೊಂಡು ಹೋಗಿ ಪೆಟ್ಟು ತಿಂದಿದ್ದೇನೆ.

ಸಂಪ್ರದಾಯ ಸಂಪ್ರದಾಯ ಅಂತ ಎಲ್ರೂ ಬರೀತೀರಿ, ಸಂತೋಷ. ಆದ್ರೆ ಅಪ್ಪನ ಜೊತೆ ನಾನು ಶ್ರುತಿಪೆಟ್ಟಿಗೆ ಹಿಡ್ಕೊಂಡು ಎಷ್ಟೋ ಮದುವೆಗೆ ಹೋಗಿದ್ದೇನೆ, ಒಂದು ಹಾಲ್‌ನಲ್ಲಿ ನಮಗೆ ಕೂರ್ಲಿಕ್ಕೆ ಜಾಗ ಕೊಟ್ಟದ್ದು ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಬೆಳಿಗ್ಗೆ 6ಕ್ಕೆ ಕೂತವರು ಮಧ್ಯಾಹ್ನ 1ರವರೆಗೆ ಎದ್ದಿಲ್ಲ, ಮಧ್ಯೆ ಒಂದು ಚಾ. ಧಾರೆಯ ಹೊತ್ತಿಗೆ ಸರಿಯಾಗಿ ಸಂಜೆಯ ಡಿಜೆಯವ ಸ್ಪೀಕರ್ ಟೆಸ್ಟ್ ಅಂತ ಹಲೋ ಹಲೋ ಚೆಕ್ ಚೆಕ್. ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತ್ರೆ ಪಾಯಸ ಖಾಲಿ. ಅಪ್ಪ ಒಂದು ಮಾತು ಆಡ್ಲಿಲ್ಲ, ವಾಪಸ್ ಬರುವಾಗ ಕುರ್ಲಾ ಸ್ಟೇಷನ್ನಿನ ಹೊರಗೆ ನನಗೆ ಎರಡು ಜಿಲೇಬಿ ತೆಗೆಸಿಕೊಟ್ರು.

ಹಾಗಾಗಿ ಅಕ್ಕ, ವಾಲಗದವರು ಬಂದ ಕೂಡ್ಲೇ ನಿಮ್ಮ ಅಪ್ಪನೇ ಎದುರು ಹೋಗಿ ವೀಳ್ಯ ಕೊಟ್ಟು ಕರ್ಕೊಂಡು ಬರ್ಲಿ. ಮಂಟಪ ಕಾಣುವಲ್ಲಿ ಜಮಖಾನ ಹಾಸಿ, ಪುರೋಹಿತರ ಕೈ ಕಾಣ್ಬೇಕು ಡೋಲಿನವರಿಗೆ, ಇಲ್ಲಾಂದ್ರೆ ಗಟ್ಟಿಮೇಳ ತಪ್ತದೆ. ಮುಹೂರ್ತದ ಹೊತ್ತಿಗೆ ಬೇರೆ ಯಾವ ಸ್ಪೀಕರೂ ಆನ್ ಇರ್ಬಾರ್ದು, ಇದನ್ನು ಹಾಲಿನವರಿಗೆ ಬರೆದು ಕೊಡಿ. ಎರಡೂ ಮೇಳದವರಿಗೆ ಮೊದಲ ಪಂಕ್ತಿಯಲ್ಲಿ ಊಟ, ಪಾಳಿಯ ಮೇಲೆ. ಅವರು ಉಣ್ಣುವಾಗ ಇವರು ನುಡಿಸ್ಲಿ, ಇವರು ಉಣ್ಣುವಾಗ ಅವರು. ಎರಡು ಮೇಳ ಇದ್ರೆ ಇದೊಂದು ಲಾಭ ಉಂಟು, ಯಾರೂ ಹಸಿದು ಊದ್ಬೇಕಾಗಿಲ್ಲ.

ಮಾಟುಂಗ ಮಾವ

ಸ್ಯಾಕ್ಸೋಫೋನ್ ಮಾತು ವಾಪಸ್ ತಗೊಂಡೆ ಕಣಪ್ಪ. ಪಿಟೀಲು ಅಂದ ಮೇಲೆ ನನ್ನ ಹತ್ರ ಉತ್ತರ ಇಲ್ಲ. ಮುಖಾರಿ ಮಾತ್ರ ಬಿಡಲ್ಲ.

ಮಡಗಾಂವ್ ಮನೆಯವಳು

ನಾವು ಕಾರವಾರದವರು, ಈಗ ಗೋವಾದಲ್ಲಿ. ನನ್ನ ಮಗಳ ಮದುವೆ ಇಲ್ಲೇ ಒಂದು ಹೋಟೆಲ್‌ನಲ್ಲಿ ಮಾಡಿದೆವು, ಆಗ ಹೋಟೆಲಿನವರು ಹಾಡು ಹಾಕಬೇಕಾದರೆ ಮ್ಯೂಸಿಕ್ ಲೈಸೆನ್ಸ್ ದುಡ್ಡು ಕಟ್ಟಿ ಅಂತ ಹಿಂದಿನ ದಿನ ಸಂಜೆ ಪಟ್ಟು ಹಿಡಿದರು. ನಿಮ್ಮ ಹಾಲಿನವರೂ ಕೇಳಬಹುದು, ಅದಕ್ಕೇ ಬರೀತಿದ್ದೇನೆ. ಕಾಪಿರೈಟ್ ಕಾಯ್ದೆ 1957ರ ಸೆಕ್ಷನ್ 52(1)(ಝಡ್‌ಎ) ಅಂತ ಇದೆ, ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸಿದರೆ, ಹಾಕಿದರೆ ಅದು ಉಲ್ಲಂಘನೆ ಅಲ್ಲ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಸಮಾರಂಭವೂ ಅದರಲ್ಲಿ ಸೇರುತ್ತದೆ ಅಂತ ವಿವರಣೆಯಲ್ಲೇ ಬರೆದಿದ್ದಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಮದುವೆಗೆ ರಾಯಲ್ಟಿ ಕೇಳುವ ಹಾಗಿಲ್ಲ ಅಂತ ನೋಟಿಸು ಹಾಕಿತ್ತು. ನಮ್ಮ ಗೋವಾ ಸರ್ಕಾರ 2024ರಲ್ಲಿ ಒಂದು ಸುತ್ತೋಲೆ ಹೊರಡಿಸಿತು, ಅದನ್ನು ಆ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟು ರದ್ದು ಮಾಡಿತು, ಹಾಗಾಗಿ ಸುತ್ತೋಲೆ ತೋರಿಸಬೇಡಿ, ಸೆಕ್ಷನ್ ತೋರಿಸಿ, ಸೆಕ್ಷನ್ ಹಾಗೇ ಇದೆ. ವಾಲಗದವರು ನುಡಿಸುವ ತ್ಯಾಗರಾಜರ ಕೃತಿಗೆ ಅಂತೂ ಯಾರ ಅಪ್ಪಣೆಯೂ ಬೇಡ, ತ್ಯಾಗರಾಜರು ಹೋಗಿದ್ದು 1847ರಲ್ಲಿ. ತಮ್ಮನ ಡಿಜೆ ಪಾರ್ಟಿಗೆ ಇದು ಅನ್ವಯಿಸುತ್ತದಾ ಅಂತ ವಕೀಲರ ಹತ್ತಿರ ಕೇಳಿಕೊಳ್ಳಿ.

ಇನ್ನು ಅಜ್ಜಿ. ಅವರಿಗೆ ಮರೆತಿಲ್ಲ ಮಗಾ. ಈ ಹಾಡುಗಳು ಒಬ್ಬರೇ ಕೂತು ಹಾಡುವಂಥದ್ದಲ್ಲ, ಒಬ್ಬರು ಎತ್ತಬೇಕು, ಉಳಿದವರು ಅದೇ ಸಾಲು ತಿರುಗಿ ಹೇಳಬೇಕು, ಅವರು ಹೇಳುವಾಗ ಮೊದಲಿನವಳಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ನೆನಪಾಗುತ್ತದೆ. ನಿಮ್ಮ ಸೋಫಾದಲ್ಲಿ ತಿರುಗಿ ಹೇಳುವವರು ಯಾರಿದ್ದರು? ಇನ್ನೊಂದು, ಕೈ ಖಾಲಿ ಇದ್ದರೆ ಹಾಡು ಬರುವುದಿಲ್ಲ. ನನ್ನ ಅತ್ತೆಗೆ ಹೀಗೇ ಆಗಿತ್ತು. ಬೀಸುಕಲ್ಲಿನ ಹಾಡು ಹೇಳಿ ಅಂದರೆ ಒಂದು ಸಾಲೂ ಇಲ್ಲ, ಒಂದು ದಿನ ಮಿಕ್ಸಿ ಕೆಟ್ಟು ಒರಳಲ್ಲಿ ಮಸಾಲೆ ರುಬ್ಬುವಾಗ ತಾನಾಗಿಯೇ ಹದಿನಾಲ್ಕು ಸಾಲು ಬಂತು, ನಾನು ಒಗ್ಗರಣೆ ಬಿಟ್ಟು ಪೆನ್ನು ಹುಡುಕಿದೆ. ಅಜ್ಜಿ ಕೈಗೆ ಅರಶಿನದ ಬಟ್ಟಲು ಕೊಡಿ, ಎದುರಿಗೆ ನೀವು ಕೂತುಕೊಳ್ಳಿ, ಅಮ್ಮನೂ ಚಿಕ್ಕಮ್ಮನೂ ಪಕ್ಕದಲ್ಲಿ ಇರಲಿ. ಫೋನ್ ಬಟ್ಟೆ ಮರೆಯಲ್ಲಿಡಿ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಬರೀ ಗಾಳಿ ರೆಕಾರ್ಡ್ ಆಗುತ್ತದೆ.

ಮತ್ತೆ ಸ್ಟೇಜು ಮೈಕು ಐದು ನಿಮಿಷ ಬೇಡವೇ ಬೇಡ. ನಮ್ಮಲ್ಲಿ ಹಾಗೆ ಮಾಡಿದ್ದರು, ಪಾಪ ಎಂಬತ್ತರ ಮುದುಕಿ, ಹಿಂದೆ ಎಲ್‌ಇಡಿ ಪರದೆ ಮೇಲೆ ಗುಲಾಬಿ ಹೂ ಬೀಳುತ್ತಿದೆ, ಎದುರು ಜನ ಪಾನಿಪುರಿ ತಿನ್ನುತ್ತಿದ್ದಾರೆ. ಆರತಿ ಹಾಡು ಆರತಿ ಮಾಡುವಾಗ ಹಾಡಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಯಾರೂ ಚಪ್ಪಾಳೆ ತಟ್ಟಬೇಕಾಗಿಯೂ ಇಲ್ಲ, ಕೆಲಸ ನಡೆಯುತ್ತದೆ ಅಷ್ಟೇ. ಅವರ ಕಡೆ ಹಳದಿಯ ದಿನ ನಿಮ್ಮ ಅರಶಿನದ ಹಾಡು, ಊಟದ ಪಂಕ್ತಿಯಲ್ಲಿ ಬೀಗರ ಹಾಡು. ಮರಾಠಿಯವರಲ್ಲೂ ವಿಹಿಣಿಯ ಪಂಗತಕ್ಕೆ (ಬೀಗಿತಿಯರ ಊಟದ ಪಂಕ್ತಿಗೆ) ಹಾಡುವ ರೂಢಿ ಉಂಟು, ನಿಮ್ಮ ಅತ್ತೆಗೆ ಮೊದಲೇ ಹೇಳಿಡಿ, ತಮಾಷೆ ಅಂತ, ಬೈಗುಳ ಅಲ್ಲ ಅಂತ. ಅವರ ಕಡೆಯ ಹೆಂಗಸರೂ ತಿರುಗಿ ಒಂದು ಹೊಡೆಯಲಿ, ರಂಗೇರುತ್ತದೆ.

ಥಾಣೆ ಎಕ್ಸ್‌ಪ್ರೆಸ್

ಮಿಕ್ಸಿ ಕೆಟ್ಟ ದಿನದ ಕಥೆ ಸೂಪರ್. ನಮ್ಮಜ್ಜಿ ಹತ್ರ ಇವತ್ತೇ ಟ್ರೈ ಮಾಡ್ತೀನಿ, ಅವರದ್ದು ಹೊಸ ಮಿಕ್ಸಿ ಬೇರೆ, ಪ್ಲಗ್ ಕಿತ್ತಿಡ್ಬೇಕು.

ಡೊಂಬಿವ್ಲಿ ಕೂಸು

ಎಲ್ರಿಗೂ ಥ್ಯಾಂಕ್ಸ್, ನಾಲ್ಕು ದಿನದ ನಂತರ ಬರೀತಿದ್ದೇನೆ, ಯಾಕಂದ್ರೆ ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯುವ ಅಂತ.

ಭಾನುವಾರ ಅರಶಿನದ ಬಟ್ಟಲು ಕೊಟ್ಟೆ. ಏನೂ ಹೇಳ್ಲಿಲ್ಲ, ಅಮ್ಮಮ್ಮ ಕೈಗೆ ಸ್ವಲ್ಪ ಎಣ್ಣೆ ಬಿಟ್ಟು ತಲೆಗೆ ಹಚ್ಚಿಕೊಡಿ ಅಂತ ಕೆಳಗೆ ಚಾಪೆ ಮೇಲೆ ಕೂತೆ. ಮೊದಲು ಬೈದ್ರು, ನಿನ್ ತಲೆ ಒಣ್ಕೊಂಡು ಕೊಬ್ಬರಿ ಚಿಪ್ಪಿನ ಹಾಂಗೆ ಆಯ್ತ್ ಅಂತ. ಆಮೇಲೆ ಸುಮ್ಮನಾದ್ರು. ಆಮೇಲೆ ಮೂಗಲ್ಲೇ ಶುರುವಾಯ್ತು, ಅಮ್ಮ ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಬಂದು ತಿರುಗಿ ಹೇಳಿದ್ರು, ಅಮ್ಮನಿಗೆ ಬರ್ತದೆ ಅಂತಲೇ ನನಗೆ ಗೊತ್ತಿರ್ಲಿಲ್ಲ ನೋಡಿ. ಹನ್ನೊಂದು ನಿಮಿಷ ಒಂದೇ ಹಾಡು! ಮಧ್ಯೆ ಕುಕ್ಕರ್ ಮೂರು ಸೀಟಿ ಹೊಡೆದದ್ದೂ ರೆಕಾರ್ಡ್ ಆಗಿದೆ, ಇರ್ಲಿ. ಈಗ ಅಮ್ಮ ಬರೆದುಕೊಳ್ತಿದ್ದಾರೆ, ಚಿಕ್ಕಮ್ಮಂದಿರಿಗೆ ವಾಟ್ಸಾಪಲ್ಲಿ ಕಳಿಸಿ ಪ್ರಾಕ್ಟೀಸ್ ಶುರು.

ಒಪ್ಪಿಸಿ ಕೊಡುವ ಹಾಡು ಮಾತ್ರ ಕೇಳ್ಲಿಲ್ಲ. ಅಮ್ಮನೂ ಕೇಳ್ಲಿಲ್ಲ.

ಹುಡುಗನ ಮನೆಯಲ್ಲಿ ಮಾತಾಡಿದೆ, ಸನಈಯವರು ಬಾಗಿಲಲ್ಲಿ, ವಾಲಗ ಮಂಟಪದ ಹತ್ರ, ಕೊನೆಯ ಸಾವಧಾನಕ್ಕೆ ಎರಡೂ ಒಟ್ಟಿಗೆ. ಅವನ ಅಪ್ಪನಿಗೆ ಈ ಕೊನೆಯದ್ದು ಎಷ್ಟು ಖುಷಿ ಆಯ್ತು ಅಂದ್ರೆ ಫೋನಲ್ಲೇ "ವಾಜವಾ ರೇ" ಅಂತ ಕೂಗಿದ್ರು. ಅಪ್ಪನಿಗೆ ಊಟದ ವಿಷಯ ಓದಿ ಹೇಳಿದೆ, ಚಪ್ಪಲಿ ಸ್ಟ್ಯಾಂಡಿನ ಮಾತು ಬಂದಾಗ ಪೇಪರ್ ಮಡಚಿ ಬಾಲ್ಕನಿಗೆ ಹೋದ್ರು. ತಾವು ಮೊದಲು ಮುಂಬೈಗೆ ಬಂದಾಗ ಹೋಟೆಲ್ ಹುಡುಗರಿಗೆ ಊಟ ಯಾವಾಗ ಹಾಕ್ತಿದ್ರು ಅಂತ ಅವರಿಗೆ ಗೊತ್ತುಂಟಲ್ಲ. ಮೊದಲ ಪಂಕ್ತಿ ಫಿಕ್ಸ್, ತಾವೇ ಬಡಿಸ್ತಾರಂತೆ.

ಧಾರವಾಡದ ಅಣ್ಣ, ಮಂಗಲಾಷ್ಟಕಕ್ಕೆ ಒಂದು ಸಾಲು ಬರೆಯುವ ಅಂತ ಕೂತೆ, ನಗಬೇಡಿ:
ನಮ್ಮಜ್ಜಿ ಹಾಡಿದ ಹಾಡಿನಿಂದ ಈ ಮದುವೆ ಕುರ್ಯಾತ್ ಸದಾ ಮಂಗಲಂ

ಕೋಥ್ರೂಡ್ ಧಾರವಾಡದಾಂವ

ಮೂರನೇ ಅಕ್ಷರದಾಗ ಬಿತ್ತು ತಂಗಿ. ನಮ್-ಮಜ್-ಜಿ, ಮೊದಲಿನ ಮೂರೂ ಗುರು ಇರಬೇಕು, "ಜಿ" ಲಘು. ಮುಂದನೂ ಎಡವೇದ. ಆದ್ರ "ಕುರ್ಯಾತ್ ಸದಾ ಮಂಗಲಂ" ಕಡೀ ಏಳಕ್ಷರ ಕರೆಕ್ಟ್ ಕೂತದ, ಹಿಂಗಾಗಿ ನಿಮಗ ಬೇಕಾಗಿದ್ದು ಬರೇ ಹನ್ನೆರಡು. ರಾತ್ರಿ ಊಟ ಆದಮ್ಯಾಲ ಕೂತು ಬೆರಳ ಎಣಿಸಿದೆ, ಹೆಂಡ್ತಿ ಏನ ಲೆಕ್ಕಾ ಅಂತ ಕೇಳಿದಳು, ಇದನ್ನ ನೋಡ್ರಿ:

ಊರಿಂದಜ್ಜಿಯು ತಂದ ಹಾಡು ಮನೆಯೊಳ್ ಕುರ್ಯಾತ್ ಸದಾ ಮಂಗಲಂ

ಊ-ರಿಂ-ದಜ್, ಜಿ-ಯು-ತಂ, ದ-ಹಾ-ಡು, ಮ-ನೆ-ಯೊಳ್. ಎಣಿಸಿ ನೋಡ್ರಿ. ಅರ್ಧ ಕನ್ನಡ ಅರ್ಧ ಸಂಸ್ಕೃತ ಅಂತ ಪಂಡಿತರು ಮೂಗು ಮುರದಾರು, ಮುರೀಲಿ, ಮದಿವಿನೂ ಹಂಗ ಅದ. ಇದು ನಾಕ್ನೇ ಸಾಲು, ಮ್ಯಾಲಿನ ಮೂರು ನೀವು ಬರೀರಿ, ಮದಿವಿ ನಿಮ್ಮದು. ಅಜ್ಜಿ ಅಲ್ಲ ಅಮ್ಮಮ್ಮ ಅಂತ ಜಗಳಾ ತಗೀಬ್ಯಾಡ್ರಿ, ಅಮ್ಮಮ್ಮ ಇದರಾಗ ಕೂಡೂದಿಲ್ಲ, ನೋಡೇನಿ.

ಡೊಂಬಿವ್ಲಿ ಕೂಸು

ಅಣ್ಣಾ!! ಅಮ್ಮಮ್ಮನಿಗೆ ಓದಿ ಹೇಳಿದೆ. "ಇದ್ ಹಾಡಾ? ಮಂತ್ರ ಹೇಳ್ದ ಹಾಂಗ್ ಇತ್ತಲೆ" ಅಂದ್ರು, ಆಮೇಲೆ ಊರು ಅಂತ ಬಂತಲ್ಲ ಅದೊಂದು ಲಾಯ್ಕ ಉಂಟು ಅಂದ್ರು.

ಡೋಲಿನವರ ಮಗನ ಹತ್ರ ಒಂದು ಕೇಳ್ಬೇಕು, ತಪ್ಪು ತಿಳ್ಕೊಬೇಡಿ, ನಿಮ್ಮ ಅಪ್ಪ ಈಗಲೂ ಬಾರಿಸ್ತಾರಾ?

ಡೋಲಿನವರ ಮಗ

ಬಿಟ್ಟು ಆರು ವರ್ಷ ಆಯ್ತು ಅಕ್ಕ, ಮೊಣಕಾಲು ನೋವು, ಕೆಳಗೆ ಕೂರ್ಲಿಕ್ಕೆ ಆಗುದಿಲ್ಲ. ನಿಮ್ಮ ಪೋಸ್ಟ್ ಓದಿ ಹೇಳಿದೆ ಅವರಿಗೆ. ನಾಗಸ್ವರಕ್ಕೆ ಯಾರು ಅಂತ ಕೇಳಿದ್ರು. ಕುರ್ಚಿ ಕೊಡ್ತಾರಾ ಅಂತ ಕೇಳಿದ್ರು. ಪಾಯಸ ಯಾವುದು ಅಂತಲೂ ಕೇಳಿದ್ರು. ಟೊಪ್ಪಿ ಹೊಸತು ಕಟ್ಬೇಕಂತೆ, ಒಣಗ್ಲಿಕ್ಕೆ ನಾಲ್ಕು ದಿನ ಒಳ್ಳೆ ಬಿಸಿಲು ಬೇಕಂತೆ, ಈ ಮಳೆ ಒಂದು ಬಿಡ್ಲಿ ಅಂತ ಈಗ ಕಿಟಕಿ ಹತ್ರ ಕೂತಿದ್ದಾರೆ.